ದೆವ್ವಕ್ಕೆ ಬಿಳಿ ಸೀರೆ ಉಡಿಸಿದ್ದು ಯಾರು? ಮುಂಬೈಯಲ್ಲಿ ಕೂಡಿ ಓದುವವರಿಗೊಂದು ಮಾರ್ಗದರ್ಶಿ

ಮುಂಬೈ ಕನ್ನಡಿಗರಲ್ಲಿ ದೆವ್ವದ ಕಥೆ, ಮಾಯಾಲೋಕದ ಕಥೆ, ಅನ್ಯಗ್ರಹದ ಕಥೆ ಓದುವವರು ಕಡಿಮೆಯೇನಿಲ್ಲ. ಓದುತ್ತೇವೆ ಅಂತ ಹೇಳಿಕೊಳ್ಳುವವರು ಕಡಿಮೆ. ಸಾಹಿತ್ಯ ಚರ್ಚೆ ಅಂದರೆ ಊರಿನ ಕಥೆ, ಕುಟುಂಬದ ಕಥೆ, ಊರು ಬಿಟ್ಟು ಹೋಟೆಲ್ ಸೇರಿದವರ ಕಥೆ. ದೆವ್ವ ಮಕ್ಕಳಿಗೆ, ರಾಕೆಟ್ಟು ಹುಡುಗರಿಗೆ ಅಂತ ಪಕ್ಕಕ್ಕಿಡುತ್ತೇವೆ.

ಇದು ದೊಡ್ಡ ನಷ್ಟ ಅಂತ ನನ್ನ ಲೆಕ್ಕ. ಈ ಕಥೆಗಳನ್ನು ಬರೆಯುವವರಿಗೆ ಏನನ್ನು ಬೇಕಾದರೂ ಬದಲಾಯಿಸುವ ಸ್ವಾತಂತ್ರ್ಯ ಇದೆ. ಆಕಾಶದಲ್ಲಿ ಎರಡು ಸೂರ್ಯ ಇಡಬಹುದು. ಸತ್ತವರನ್ನು ಎಬ್ಬಿಸಿ ಕೂರಿಸಬಹುದು. ಇಷ್ಟೆಲ್ಲ ಬದಲಾಯಿಸಿದ ಮೇಲೂ ಅಡುಗೆಮನೆಯಲ್ಲಿ ನಿಂತವಳು ಹೆಂಗಸೇ ಆಗಿದ್ದರೆ, ಅದನ್ನು ಬದಲಾಯಿಸಬಹುದು ಅಂತ ಬರೆದವರಿಗೆ ಹೊಳೆದೇ ಇಲ್ಲ ಅಂತ ಅರ್ಥ. ಸ್ತ್ರೀವಾದಿ ಓದು ಅಂದರೆ ಮುಖ್ಯವಾಗಿ ಈ ಹೊಳೆಯದೇ ಹೋದದ್ದನ್ನು ಹಿಡಿಯುವುದು. ಲೇಖಕರಿಗೆ ಶಿಕ್ಷೆ ಕೊಡುವ ಕೆಲಸ ಅಲ್ಲ. ಕಥೆಯ ರುಚಿಯೂ ಇದರಿಂದ ಕೆಡುವುದಿಲ್ಲ, ಜಾಸ್ತಿಯೇ ಆಗುತ್ತದೆ.

ಒಬ್ಬರೇ ಮಾಡಬಹುದು. ನಾಲ್ಕಾರು ಜನ ಸೇರಿದರೆ ಇನ್ನೂ ಚೆನ್ನ. ಹೇಗೆ ಶುರು ಮಾಡುವುದು ಅಂತ ನೋಡೋಣ.

ಮೊದಲು ಜನ, ಜಾಗ, ಕಾಫಿ

ಆರೇಳು ಜನ ಸಾಕು. ಹನ್ನೆರಡು ಜನ ಆದರೆ ಅದು ಸಭೆ ಆಗುತ್ತದೆ, ಅಧ್ಯಕ್ಷರು ಬೇಕಾಗುತ್ತಾರೆ, ಹಾರ ತರಿಸಬೇಕಾಗುತ್ತದೆ.

ಜಾಗಕ್ಕೆ ಮಾಟುಂಗಾ ಅನುಕೂಲ. ಸೆಂಟ್ರಲ್ ಲೈನಿನವರಿಗೆ ಮಾಟುಂಗಾ, ವೆಸ್ಟರ್ನ್‌ನವರಿಗೆ ಮಾಟುಂಗಾ ರೋಡ್, ಹಾರ್ಬರ್‌ನವರಿಗೆ ಕಿಂಗ್ಸ್ ಸರ್ಕಲ್. ಮೂರು ಕಡೆಯವರೂ ನಡೆದು ಬರಬಹುದು. ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ, ಕರ್ನಾಟಕ ಸಂಘ ಪಕ್ಕದ ಮಾಹಿಮ್‌ನಲ್ಲಿದೆ. ಒಂದು ಕೋಣೆ ಸಿಗುತ್ತದಾ ಅಂತ ಕೇಳಿ ನೋಡಿ. ಸಿಗದಿದ್ದರೆ ಯಾರದಾದರೂ ಮನೆ. ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯವರು ಜಾಸ್ತಿ ಇದ್ದರೆ ಅಲ್ಲೇ ಸೇರಿ. ಭಾನುವಾರ ಇಡುವುದಾದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ನೋಡಿಕೊಂಡು ಸಮಯ ಹಾಕಿ. ಜುಲೈ ತಿಂಗಳಲ್ಲಿ ಸುಮ್ನೆ ಫೋನಿನಲ್ಲೇ ಸೇರುವುದು ಒಳ್ಳೆಯದು.

ಗಂಡಸರು ಬೇಕಾ? ಬರಲಿ. ಆದರೆ ಮೊದಲ ಸುತ್ತು ಹೆಂಗಸರು ಮಾತಾಡಿ ಮುಗಿಸುವವರೆಗೆ ಕೇಳುತ್ತಾ ಕೂರಬೇಕು ಅಂತ ಮೊದಲೇ ಹೇಳಿಬಿಡಿ. ಇದನ್ನು ಒಪ್ಪದವರಿಗೆ ಬೇರೆ ಗೋಷ್ಠಿಗಳು ಬೇಕಾದಷ್ಟಿವೆ.

ಇನ್ನು ಕಾಫಿ. ಇದು ಚಿಕ್ಕ ವಿಷಯ ಅಲ್ಲ. ಹೊರಗೆ ಹಾಲ್‌ನಲ್ಲಿ ಸ್ತ್ರೀವಾದದ ಚರ್ಚೆ, ಒಳಗೆ ಮನೆಯೊಡತಿ ಒಬ್ಬಳೇ ಉಪ್ಪಿಟ್ಟು ತಿರುವುತ್ತಿದ್ದರೆ ಓದಿದ್ದೆಲ್ಲ ದಂಡ. ಕಾಫಿ, ತಿಂಡಿ, ಲೋಟ ತೊಳೆಯುವುದು ಎಲ್ಲಕ್ಕೂ ಸರದಿ ಹಾಕಿ. ಆ ದಿನ ಕಥೆ ಆರಿಸಿದವರಿಗೆ ಕೆಲಸ ಮಾಫಿ.

ಮೊದಲ ಭೇಟಿ: ಪುಸ್ತಕ ಬೇಡ, ದೆವ್ವ ತನ್ನಿ

ಮೊದಲ ದಿನವೇ ದಪ್ಪ ಪುಸ್ತಕ ಕೊಟ್ಟರೆ ಅರ್ಧ ಜನ ಎರಡನೇ ಸಲ ಬರುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ಚಿಕ್ಕಂದಿನಲ್ಲಿ ಕೇಳಿದ ಒಂದು ದೆವ್ವದ ಕಥೆ ಹೇಳಲಿ. ಒಬ್ಬರು ಕಾಗದದ ಮೇಲೆ ಮೂರು ಗೆರೆ ಎಳೆದು ಬರೆದುಕೊಳ್ಳಲಿ: ದೆವ್ವ ಗಂಡೋ ಹೆಣ್ಣೋ, ಹೇಗೆ ಸತ್ತಿದ್ದು, ಯಾರನ್ನು ಕಾಡುವುದು.

ಮಧ್ಯದ ಕಾಲಂ ತುಂಬುತ್ತಾ ಹೋದ ಹಾಗೆ ಕೋಣೆ ತಣ್ಣಗಾಗುತ್ತದೆ. ಬಾವಿಗೆ ಹಾರಿದವಳು. ಹೆರಿಗೆಯಲ್ಲಿ ಹೋದವಳು. ಮದುವೆಯಾಗದೆ ಸತ್ತವಳು. ಮರಾಠಿ ನೆರೆಯವರ ಹಡಳ್ ಕೂಡ ಬಾಣಂತನದಲ್ಲಿ ಸತ್ತ ಹೆಣ್ಣೇ. ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆಸಿದ್ದೂ ಹೆಣ್ಣು ದೆವ್ವವೇ. ಇವರೆಲ್ಲ ಬದುಕಿದ್ದಾಗ ಏನಾಯಿತು ಅಂತ ಕಥೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಸತ್ತ ಮೇಲೆ ಏನು ಮಾಡಿದಳು ಅಂತ ಅರ್ಧ ಗಂಟೆ ಹೇಳುತ್ತದೆ. ಆ ಒಂದು ಸಾಲನ್ನು ಹಿಗ್ಗಿಸಿ ಅಂತ ಕೇಳಿ. ಯಾಕೆ ಹಾರಿದಳು? ಆ ದಿನ ಮನೆಯಲ್ಲಿ ಯಾರ್‍ಯಾರಿದ್ದರು? ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಅಂತಲೇ ಬರೆದುಕೊಳ್ಳಿ. ಊರಿಗೆ ಹೋದಾಗ ಕೇಳಬಹುದು.

ಮುಂಬೈಯ ಗುಂಪಿನಲ್ಲಿ ತುಳುವರು ಇದ್ದೇ ಇರುತ್ತಾರೆ. ಅವರಿಂದ ಕಲ್ಲುರ್ಟಿಯ ಕಥೆ ಹೇಳಿಸಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ. ಅಂಥ ಮೂರ್ತಿ ಇನ್ನೊಂದು ಆಗಬಾರದು ಅಂತ ರಾಜ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಸೇಡಿಗೆ ನಿಲ್ಲುವವಳು ತಂಗಿ ಕಲ್ಲುರ್ಟಿ. ಅಣ್ಣ ತಂಗಿ ಇಬ್ಬರೂ ಭೂತಗಳಾಗಿ ರಾಜನನ್ನು ಕಾಡುತ್ತಾರೆ. ಇವಳೂ ಕಾಡುವ ಹೆಣ್ಣೇ. ಆದರೆ ಮೋಹಿನಿಯನ್ನು ಓಡಿಸಲು ಮಂತ್ರವಾದಿ ಬರುತ್ತಾನೆ, ಕಲ್ಲುರ್ಟಿಗೆ ಕೋಲ ಕಟ್ಟಿ, ಅವಳ ನುಡಿ ಕೇಳಲು ಊರೇ ಕೈಮುಗಿದು ನಿಲ್ಲುತ್ತದೆ. ಒಬ್ಬಳ ಸಿಟ್ಟು ಪೀಡೆ, ಇನ್ನೊಬ್ಬಳ ಸಿಟ್ಟು ನ್ಯಾಯ. ಏನು ವ್ಯತ್ಯಾಸ? ಅಣ್ಣನಿಗಾಗಿ ಸಿಟ್ಟಾದರೆ ಒಪ್ಪಿಗೆ, ತನಗಾಗಿ ಸಿಟ್ಟಾದರೆ ಇಲ್ಲವಾ? ಹೀಗೆ ಕೇಳಿದರೆ ಗುಂಪಿನಲ್ಲಿ ಜಗಳ ಗ್ಯಾರಂಟಿ. ಆಗಲಿ ಬಿಡಿ. ತನಗಾದ ಅನ್ಯಾಯಕ್ಕೇ ಸಿಟ್ಟಾದ ಸಿರಿಯನ್ನು ಯಾರಾದರೂ ತಕ್ಷಣ ಮುಂದೆ ತರುತ್ತಾರೆ. ಪಾಡ್ದನ ಅಂದರೆ ತುಳುವಿನ ಹಾಡುಕಥೆ, ಅದರ ಸಿರಿ ಸರಿಯಿಲ್ಲದ ಗಂಡನನ್ನು ಬಿಟ್ಟು ಹೊರಟವಳು, ಅವಳಿಗೂ ಜಾತ್ರೆ ನಡೆಯುತ್ತದೆ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಹಾಡಿಕೊಂಡು ಬಂದ ಕಥೆಗಳಿವು. ಯಾರ ಬಾಯಲ್ಲಿ ಕಥೆ ಉಳಿಯುತ್ತದೋ ಅವರ ನ್ಯಾಯ ಕಥೆಯೊಳಗೆ ಬರುತ್ತದೆ ಅಂತ ನನಗನಿಸುತ್ತದೆ.

ಹೊತ್ತಿದ್ದರೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆ, ಹೂವಿನ ಮರವಾಗುವ ಹುಡುಗಿಯದ್ದು, ಯಾರಾದರೂ ಹೇಳಲಿ. ಒಂದು ಕೊಡ ನೀರು ಹೊಯ್ದರೆ ಅವಳು ಮರ. ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಹುಷಾರಾಗಿ ಹೂ ಕೀಳಿ, ರೆಂಬೆ ಮುರಿಯಬೇಡಿ ಅಂತ ಅವಳೇ ಹೇಳಿರುತ್ತಾಳೆ. ನಾದಿನಿ ಮತ್ತವಳ ಗೆಳತಿಯರು ಮುರಿಯುತ್ತಾರೆ, ನೀರನ್ನೂ ಸರಿಯಾಗಿ ಹೊಯ್ಯುವುದಿಲ್ಲ. ಕೈಕಾಲಿಲ್ಲದ ಅರ್ಧ ದೇಹ ಉಳಿಯುತ್ತದೆ. ಇದಕ್ಕಿಂತ ಭಯಾನಕ ಕಥೆ ನನಗೆ ಗೊತ್ತಿಲ್ಲ. ಇಲ್ಲಿ ದೆವ್ವವೂ ಇಲ್ಲ, ರಾಕ್ಷಸನೂ ಇಲ್ಲ. ಅವಳು ಮರವಾಗಲಿ ಅಂತ ಯಾರ್‍ಯಾರು, ಯಾವಾಗ ಕೇಳಿದರು, ಅವಳಿಗೆ ಎಷ್ಟು ಸಲ ಇಷ್ಟವಿತ್ತು ಅಂತ ಎಣಿಸಿ. ಗಂಡನನ್ನು ಬಿಡಬೇಡಿ, ಅವನೂ ಆ ಲೆಕ್ಕದಲ್ಲಿ ಬರುತ್ತಾನೆ.

ಎರಡನೇ ಭೇಟಿ: ಸುಲ್ತಾನಾಳ ಕನಸು

ಈಗ ಮುದ್ರಿತ ಕಥೆ. ರೊಕೆಯಾ ಸಖಾವತ್ ಹುಸೇನ್ ಬರೆದ ‘ಸುಲ್ತಾನಾಸ್ ಡ್ರೀಮ್’ ಮೊದಲ ಓದಿಗೆ ಸರಿಯಾದದ್ದು. ಚಿಕ್ಕದು, ತಮಾಷೆ ಇದೆ, ನಮ್ಮ ದೇಶದ್ದು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಆಗ ರೊಕೆಯಾ ಇದ್ದದ್ದು ಬಿಹಾರದ ಭಾಗಲ್ಪುರದಲ್ಲಿ. ಗಂಡ ಡೆಪ್ಯೂಟಿ ಮ್ಯಾಜಿಸ್ಟ್ರೇಟ್, ಟೂರಿಗೆ ಹೋಗಿದ್ದಾಗ ಹೊತ್ತು ಕಳೆಯಲು ಬರೆದದ್ದು. ವಾಪಸು ಬಂದವರು ನಿಂತಲ್ಲೇ ಓದಿ ಮುಗಿಸಿ, ‘ಭಯಂಕರ ಸೇಡು!’ ಅಂದರಂತೆ.

ಕಥೆಯಲ್ಲಿ ಗಂಡಸರು ಮರ್ದಾನಾದ, ಅಂದರೆ ಗಂಡಸರ ಅಂತಃಪುರದ, ಒಳಗೆ ಅಡುಗೆ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು ಇರುತ್ತಾರೆ. ಹೆಂಗಸರು ರಾಜ್ಯ ನಡೆಸುತ್ತಾರೆ. ಅಡುಗೆ ಒಲೆ ಉರಿಯುವುದು ಬಿಸಿಲಿನಿಂದ. ಮಳೆ ನೀರನ್ನು ಮೋಡದಿಂದಲೇ ಬಲೂನಿನ ಮೂಲಕ ಎಳೆದುಕೊಳ್ಳುತ್ತಾರೆ. ಓಡಾಟ ಗಾಳಿಯಲ್ಲಿ. ಸಾರಾ ಅನ್ನುವವಳು ಸುಲ್ತಾನಾಳನ್ನು ಊರು ಸುತ್ತಿಸುತ್ತಾಳೆ.

ಗಟ್ಟಿಯಾಗಿ ಓದಿ. ಒಬ್ಬರು ಒಂದು ಪ್ಯಾರಾ ಇಂಗ್ಲಿಷಿನಲ್ಲಿ, ಪಕ್ಕದವರು ಅದನ್ನೇ ಕನ್ನಡದಲ್ಲಿ ಹೇಳುವುದು. ಮುಂಬೈಯಲ್ಲೇ ಹುಟ್ಟಿ ಬೆಳೆದ, ಕನ್ನಡ ಮಾತಾಡಲು ಬರುವ ಆದರೆ ಓದಲು ಬಾರದ ಮಕ್ಕಳೂ ಹೀಗಾದರೆ ಸೇರಿಕೊಳ್ಳಬಹುದು.

ಎರಡು ಕಡೆ ನಿಲ್ಲಿಸಿ. ಮೊದಲನೆಯದು, ಬೀದಿಯಲ್ಲಿ ಮುಖ ತೆರೆದು ನಡೆಯಲು ಸುಲ್ತಾನಾ ನಾಚುವ ಜಾಗ. ಎದುರು ಬಂದ ಹೆಂಗಸರು ನಗುತ್ತಾರೆ. ಯಾಕೆ ಅಂದರೆ ‘ನೀನು ಗಂಡಸರ ಥರ ಕಾಣುತ್ತೀಯಂತೆ’ ಅಂತ ಸಾರಾ ಹೇಳುತ್ತಾಳೆ. ಆ ಊರಲ್ಲಿ ನಾಚಿಕೆ, ಅಂಜಿಕೆ ಗಂಡಸರ ಗುಣ! ಹೆಣ್ಣಿಗೆ ಹುಟ್ಟುಗುಣ ಅಂತ ನಾವು ಹೇಳುವ ಎಷ್ಟು ಗುಣಗಳು ಬರೀ ಬಾಗಿಲು ಹಾಕಿದ್ದರಿಂದ ಬಂದವು ಅಂತ ಇಲ್ಲಿ ಮಾತಾಡಬಹುದು.

ಎರಡನೆಯದು, ಸಾರಾಳ ವಾದ. ಹುಚ್ಚರು ತಪ್ಪಿಸಿಕೊಂಡು ಬಂದರೆ ಅವರನ್ನು ಹಿಡಿದು ಒಳಗೆ ಹಾಕುತ್ತೀರೋ, ಬುದ್ಧಿ ನೆಟ್ಟಗಿದ್ದವರನ್ನು ಹಾಕುತ್ತೀರೋ? ಗಂಡಸರಿಂದ ಅಪಾಯ ಅಂತಾದರೆ ಹೆಂಗಸರು ಯಾಕೆ ಒಳಗಿರಬೇಕು? ಈ ಪುಟವನ್ನು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಓದಿ ನೋಡಿ. ವೆಸ್ಟರ್ನ್ ರೈಲ್ವೆ 1992ರಲ್ಲಿ ಚರ್ಚ್‌ಗೇಟ್–ಬೊರಿವಲಿ ನಡುವೆ ಪೂರ್ತಿ ಲೇಡೀಸ್ ಸ್ಪೆಷಲ್ ರೈಲನ್ನೇ ಓಡಿಸಿತು. ನಮಗೆ ಅದು ಬೇಕೇ ಬೇಕು, ಅದಿಲ್ಲದಿದ್ದರೆ ಎಷ್ಟೋ ಹುಡುಗಿಯರು ನೌಕರಿಗೇ ಹೋಗುತ್ತಿರಲಿಲ್ಲ. ಆದರೂ ಸಾರಾಳ ಪ್ರಶ್ನೆ ಹಾಗೇ ನಿಲ್ಲುತ್ತದೆ. ಅಪಾಯ ಮಾಡುವವರಿಗೆ ಹತ್ತು ಡಬ್ಬಿ, ಅಪಾಯ ಆಗುವವರಿಗೆ ಜಾಲರಿ ಹಾಕಿದ ಒಂದೆರಡು ಡಬ್ಬಿ. ಇದು ರಕ್ಷಣೆಯೋ ಜನಾನಾವೋ? ನಾನು ಎರಡೂ ಅನ್ನುತ್ತೇನೆ. ನಿಮ್ಮ ಗುಂಪು ಬೇರೆ ಹೇಳಬಹುದು. ಅಂದಹಾಗೆ, ಮಾಟುಂಗಾ ಸ್ಟೇಷನ್ನಿನ ಕೆಲಸವನ್ನೆಲ್ಲ 2017ರಲ್ಲಿ ಹೆಂಗಸರಿಗೇ ವಹಿಸಿದರು. ಅಲ್ಲಿ ಇಳಿದು ಬಂದವರಿಗೆ ಈ ಕಥೆ ಪೂರ್ತಿ ಕನಸು ಅನಿಸುವುದಿಲ್ಲ.

ಕಥೆಯಲ್ಲಿ ಹೆಂಗಸರ ಆಫೀಸು ಕೆಲಸ ದಿನಕ್ಕೆ ಎರಡೇ ಗಂಟೆ. ಗಂಡಸು ದಿನಕ್ಕೆ ಹನ್ನೆರಡು ಚುಟ್ಟಾ ಸೇದಿದರೆ ಆರು ಗಂಟೆ ಅದರಲ್ಲೇ ಹೋಗುತ್ತದೆ ಅಂತ ಸಾರಾ ಲೆಕ್ಕ ಕೊಡುತ್ತಾಳೆ. ಆಫೀಸಿನಲ್ಲಿ ಚಹಾಕ್ಕೆ ಅಂತ ಎದ್ದುಹೋಗುವ ಸಹೋದ್ಯೋಗಿಗಳು ಎಲ್ಲರಿಗೂ ನೆನಪಾಗುತ್ತಾರೆ.

ಕೇಳಬೇಕಾದ ಪ್ರಶ್ನೆಗಳು

ಎರಡು ಹೆಣ್ಣು ಪಾತ್ರಗಳು ಇವೆಯಾ, ಅವರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರಾ ಅನ್ನುವ ಬೆಕ್‌ಡೆಲ್ ಪರೀಕ್ಷೆ ಎಲ್ಲರಿಗೂ ಗೊತ್ತಿರುತ್ತದೆ. 1985ರ ಒಂದು ಕಾಮಿಕ್ಸ್‌ನಲ್ಲಿ ತಮಾಷೆಗೆ ಬಂದ ಮಾತು ಅದು. ಜರಡಿಯ ಹಾಗೆ ಬಳಸಿ, ಹಿಟ್ಟು ಜರಡಿ ದಾಟಿದ ಮಾತ್ರಕ್ಕೆ ರೊಟ್ಟಿ ಆಗಲಿಲ್ಲ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಬೇರೆ ಪ್ರಶ್ನೆಗಳು.

ಪಾತ್ರೆ ಯಾರು ತೊಳೆಯುತ್ತಾರೆ? ಅಂತರಿಕ್ಷ ನೌಕೆಯಲ್ಲೂ ಊಟ ಆಗುತ್ತದೆ, ಅರಮನೆಯಲ್ಲೂ ಬಟ್ಟೆ ಕೊಳೆಯಾಗುತ್ತದೆ. ಮಗು ಅತ್ತರೆ ಯಾರು ಏಳುತ್ತಾರೆ? ಇದಕ್ಕೆ ಕಥೆಯಲ್ಲಿ ಉತ್ತರವೇ ಇಲ್ಲದಿದ್ದರೆ, ಯಾರೋ ಕಾಣದ ಕೈಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಕಾದಂಬರಿಯಲ್ಲಿ ಅರ್ಥ್‌ಸೀ ಅನ್ನುವ ದ್ವೀಪಗಳ ಲೋಕ ಕಟ್ಟಿದರು. ಅಲ್ಲಿನ ಮಂತ್ರವಿದ್ಯೆಯ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ಹೆಂಗಸರ ಮಾಟ ಅಂದರೆ ದುರ್ಬಲ, ಕೆಟ್ಟದ್ದು ಅಂತ ಅಲ್ಲಿ ಗಾದೆಯೇ ಇದೆ. 22 ವರ್ಷ ಆದ ಮೇಲೆ, 1990ರಲ್ಲಿ, ಅದೇ ಲೋಕಕ್ಕೆ ವಾಪಸು ಬಂದು ‘ತೆಹಾನು’ ಬರೆದರು. ಈ ಸಲ ಕಥೆ ಒಬ್ಬ ವಿಧವೆಯದ್ದು, ಮೈ ಸುಟ್ಟ ಒಬ್ಬ ಪುಟ್ಟ ಹುಡುಗಿಯದ್ದು. ಊಟ ಮಾಡಿ ತಟ್ಟೆ ಎತ್ತದ ಮಗ ಅದರಲ್ಲಿ ಬರುತ್ತಾನೆ. ಮಹಾಮಾಂತ್ರಿಕನಾಗಿದ್ದವನು ಶಕ್ತಿ ಕಳೆದುಕೊಂಡು ಮನೆಗೆಲಸಕ್ಕೆ ಕೈಹಾಕುತ್ತಾನೆ. ಎರಡನ್ನೂ ಒಂದರ ಹಿಂದೆ ಒಂದು ಓದಿ. ತನ್ನ ಲೋಕವನ್ನು ಲೇಖಕಿ ತಾನೇ ತಿರುಗಿ ನೋಡಿ ಜಗಳ ತೆಗೆದದ್ದು ಬೇರೆಲ್ಲೂ ಇಷ್ಟು ಚೆನ್ನಾಗಿ ಕಾಣುವುದಿಲ್ಲ.

ಹುಟ್ಟಿಸುವ ಅಧಿಕಾರ ಯಾರದು? ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ 1818ರಲ್ಲಿ ಹೆಸರಿಲ್ಲದೆ ಬಂತು. ಹೆಣ್ಣಿಲ್ಲದೆ ಜೀವ ಹುಟ್ಟಿಸಲು ಹೊರಟ ಗಂಡಸಿನ ಕಥೆ. ಬರೆದವಳ ತಾಯಿ ಇವಳನ್ನು ಹೆತ್ತ ಕೆಲವೇ ದಿನಕ್ಕೆ ತೀರಿಹೋಗಿದ್ದಳು. ಇವಳ ಮೊದಲ ಮಗುವೂ ಉಳಿಯಲಿಲ್ಲ. ತನ್ನ ಸೃಷ್ಟಿಗೆ ಜೊತೆಯಾಗಿ ಒಬ್ಬ ಹೆಣ್ಣನ್ನು ಮಾಡಲು ಕೂತ ವಿಕ್ಟರ್ ಅರ್ಧಕ್ಕೇ ಅದನ್ನು ಹರಿದು ಹಾಕುತ್ತಾನಲ್ಲ, ಆ ಅಧ್ಯಾಯ ಮಾತ್ರ ಓದಿದರೂ ಸಾಕು. ಅವಳು ನಾವು ಹೇಳಿದ್ದು ಕೇಳದಿದ್ದರೆ ಅನ್ನುವುದು ಅವನ ಹೆದರಿಕೆಗಳಲ್ಲಿ ಒಂದು. ಇನ್ನೂ ಹುಟ್ಟೇ ಇಲ್ಲ, ಆಗಲೇ ಹಟಮಾರಿ!

ಯಾವ ಹೆಣ್ಣು? ಇದನ್ನು ಮರೆತರೆ ಓದು ಸುಳ್ಳಾಗುತ್ತದೆ. ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್ ಬರೆದ ‘ಕಿಂಡ್ರೆಡ್’ ಕಾದಂಬರಿಯಲ್ಲಿ (1979) ಕಪ್ಪು ಹೆಂಗಸೊಬ್ಬಳು ಗುಲಾಮಗಿರಿಯ ಕಾಲಕ್ಕೆ ಜಾರಿ ಬೀಳುತ್ತಾಳೆ. ಅವಳ ಬಿಳಿ ಗಂಡನೂ ಒಂದು ಸಲ ಜೊತೆಗೆ ಹೋಗುತ್ತಾನೆ. ಒಂದೇ ಕಾಲ, ಒಂದೇ ಮನೆ, ಇಬ್ಬರಿಗೂ ಬೇರೆ ಬೇರೆ ನರಕ. ಕಾಲಯಂತ್ರ ಸಿಕ್ಕರೆ ವಿಜಯನಗರಕ್ಕೆ ಹೋಗುತ್ತೇನೆ ಅಂತ ನಾವು ಆರಾಮಾಗಿ ಹೇಳುತ್ತೇವೆ. ಯಾವ ಜಾತಿಯ ಯಾವ ಹೆಂಗಸಾಗಿ, ಯಾವ ಬಾಗಿಲಿನಿಂದ ಒಳಗೆ ಬಿಡುತ್ತಾರೆ ಅಂತ ಪ್ರತಿಯೊಬ್ಬರೂ ಹೇಳಲಿ. ಈ ಸುತ್ತಿಗೆ ಹೊತ್ತು ಜಾಸ್ತಿ ಇಟ್ಟುಕೊಳ್ಳಿ.

ಹಾರರ್ ಓದುವ ಮುನ್ನ

ಕಥೆಯಲ್ಲಿ ಬಲಾತ್ಕಾರ, ಹೊಡೆತ, ಮಗುವಿನ ಸಾವು ಇದ್ದರೆ ಹಿಂದಿನ ದಿನವೇ ತಿಳಿಸಿ. ಯಾರಾದರೂ ಆ ದಿನ ಬರದಿದ್ದರೆ ಯಾಕೆ ಅಂತ ಕೇಳಬೇಡಿ. ಮುಗಿಯುವುದು ತಡವಾದರೆ ಒಂದೇ ಲೈನಿನವರು ಜೊತೆಗೆ ಹೊರಡಿ.

ಸಿನಿಮಾ ಇಟ್ಟುಕೊಳ್ಳುವುದಾದರೆ ‘ಆಪ್ತಮಿತ್ರ’ (2004) ಒಳ್ಳೆಯ ಆಯ್ಕೆ, ಎಲ್ಲರೂ ನೋಡಿರುತ್ತಾರೆ. ಕೋಣೆಯನ್ನು ಎರಡು ಪಾಲು ಮಾಡಿ. ಒಂದು ಪಾಲು ಗಂಗಾಳ ಕಥೆ ಹೇಳಲಿ, ಇನ್ನೊಂದು ನಾಗವಲ್ಲಿಯದ್ದು. ಗಂಗಾ ರೋಗಿ, ತಾನೇ ನಾಗವಲ್ಲಿ ಅನ್ನುವ ಸತ್ತ ನರ್ತಕಿ ಅಂದುಕೊಂಡವಳು. ಅವಳ ಸುತ್ತ ಗಂಡ, ಡಾಕ್ಟರು, ಆಚಾರ್ಯರು ಸೇರಿ ಏನು ಮಾಡಬೇಕು ಅಂತ ತೀರ್ಮಾನಿಸುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ನಾಗವಲ್ಲಿಗಾದರೋ ರಾಜನ ಮೇಲೆ ಸೇಡು ಬೇಕು, ಆ ಸೇಡಿಗೆ ಕಾರಣವೂ ಇದೆ. ಕೊನೆಗೆ ಅವಳ ಕೈಗೆ ಕೊಡುವುದು ರಾಜನ ಬದಲು ಒಂದು ಗೊಂಬೆ. ಅವಳು ಅದನ್ನು ಕಡಿದು ಸಮಾಧಾನವಾಗಿ ಹೊರಟುಹೋಗುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ. ನಾಗವಲ್ಲಿ ಪಾಲಿಗೆ ಬಂದವರು ಈ ತೀರ್ಪನ್ನು ಒಪ್ಪುತ್ತಾರಾ ಕೇಳಿ.

ನಾಟಕವಾದರೆ ಪಾತ್ರ ಹಂಚಿ

ಮುಂಬೈ ಕನ್ನಡಿಗರಿಗೆ ನಾಟಕದ ಹುಚ್ಚು ಇದ್ದೇ ಇದೆ. ಮಂಜುಳಾ ಪದ್ಮನಾಭನ್ ಬರೆದ ‘ಹಾರ್ವೆಸ್ಟ್’ ತೆಗೆದುಕೊಳ್ಳಿ. 1997ರಲ್ಲಿ ಗ್ರೀಸಿನ ಒನಾಸಿಸ್ ಪ್ರಶಸ್ತಿ ಪಡೆದ ಇಂಗ್ಲಿಷ್ ನಾಟಕ. ನಡೆಯುವುದು 2010ರ ಮುಂಬೈಯಲ್ಲಿ, ಅಂದರೆ ಬರೆಯುವಾಗ ಮುಂದೆ ಇದ್ದ, ನಮಗೆ ಹಿಂದೆ ಹೋದ ವರ್ಷ. ಒಂದೇ ಕೋಣೆಯ ಮನೆ. ನೌಕರಿ ಕಳೆದುಕೊಂಡ ಓಂ ತನ್ನ ಅಂಗಾಂಗಗಳನ್ನು ಶ್ರೀಮಂತ ದೇಶದ ಗಿರಾಕಿಗೆ ಮಾರುವ ಕರಾರಿಗೆ ಸಹಿ ಹಾಕುತ್ತಾನೆ. ಮದುವೆಯಾಗದವರಿಗೆ ಮಾತ್ರ ಈ ಕೆಲಸ. ಹಾಗಾಗಿ ಹೆಂಡತಿ ಜಯಾ ರಾತ್ರೋರಾತ್ರಿ ತಂಗಿ ಆಗಬೇಕು. ಬದಲಿಗೆ ಮನೆಯೊಳಗೇ ಶೌಚಾಲಯ ಬರುತ್ತದೆ, ಅತ್ತೆಗೆ ಟಿವಿ ಬರುತ್ತದೆ. ಚಾಳ್‌ನಲ್ಲಿ ಬಾಳಿದವರಿಗೆ ಆ ಶೌಚಾಲಯದ ಆಸೆ ವಿವರಿಸಬೇಕಿಲ್ಲ.

ಓದುವಾಗ ಜಯಾಳ ಪಾತ್ರವನ್ನು ದೃಶ್ಯಕ್ಕೊಬ್ಬರು ಓದಲಿ. ಅತ್ತೆಯ ಪಾತ್ರ ಗಂಡಸಿಗೆ ಕೊಡಿ. ಕೊನೆಯ ದೃಶ್ಯದಲ್ಲಿ ಜಯಾ ಒಬ್ಬಳೇ ಉಳಿದು, ಬಾಗಿಲು ಹಾಕಿಕೊಂಡು, ಅವಳ ದೇಹ ಬೇಕು ಅಂದ ಗಿರಾಕಿಗೆ ಒಂದು ಷರತ್ತು ಹಾಕುತ್ತಾಳೆ. ಅದೇನು ಅಂತ ನಾನು ಹೇಳುವುದಿಲ್ಲ. ಅಲ್ಲಿಗೆ ಬಂದಾಗ ನಿಲ್ಲಿಸಿ, ಅವಳು ಗೆದ್ದಳಾ ಅಂತ ಕೇಳಿ, ಆಮೇಲೆ ಮುಂದೆ ಓದಿ.

ಹೆಸರು ಮುಚ್ಚಿ ಬರೆಯಿರಿ

ಇಷ್ಟು ಓದಿದ ಗುಂಪಿಗೆ ಬರೆಯುವ ಕೈ ತುರಿಸುತ್ತದೆ. ಎಲ್ಲರೂ ಒಂದೊಂದು ಪುಟದ ಕಥೆ ತರಲಿ. ಮುಂಬೈಯಲ್ಲಿ ಒಂದೇ ಒಂದು ಸಂಗತಿ ಬದಲಾಗಬೇಕು, ಉಳಿದದ್ದು ಹಾಗೇ ಇರಬೇಕು. ರಾತ್ರಿ ಎಂಟರ ಮೇಲೆ ಗಂಡಸರು ಹೊರಗೆ ಬರುವ ಹಾಗಿಲ್ಲ ಅಂತಲೋ, ಗರ್ಭ ಯಾರ ಹೊಟ್ಟೆಯಲ್ಲಿ ಬೇಕಾದರೂ ನಿಲ್ಲಬಹುದು ಅಂತಲೋ.

ಕಥೆಯ ಮೇಲೆ ನಿಮ್ಮ ಹೆಸರು ಹಾಕಬೇಡಿ, ಟೈಪ್ ಮಾಡಿ ತನ್ನಿ. ಇದಕ್ಕೆ ಒಂದು ಹಿನ್ನೆಲೆ ಇದೆ. ಜೇಮ್ಸ್ ಟಿಪ್‌ಟ್ರೀ ಅನ್ನುವ ಅಮೆರಿಕದ ವಿಜ್ಞಾನ ಕಥೆಗಾರ ಹೆಂಗಸಿರಬಹುದು ಅಂತ ಗುಮಾನಿ ಎದ್ದಿತ್ತು. ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತದೆ ಅಂತ ಇನ್ನೊಬ್ಬ ಕಥೆಗಾರ ರಾಬರ್ಟ್ ಸಿಲ್ವರ್‌ಬರ್ಗ್ 1975ರಲ್ಲಿ ಟಿಪ್‌ಟ್ರೀ ಕಥಾಸಂಕಲನದ ಮುನ್ನುಡಿಯಲ್ಲೇ ಬರೆದರು. ಎರಡು ವರ್ಷದೊಳಗೆ ನಿಜ ಹೊರಬಿತ್ತು. ಟಿಪ್‌ಟ್ರೀ ಅಂದರೆ ಆಲಿಸ್ ಶೆಲ್ಡನ್ ಅನ್ನುವ ಅರವತ್ತು ದಾಟಿದ ಹೆಂಗಸು. ಹೆಸರು ಸಿಕ್ಕಿದ್ದು ಅಂಗಡಿಯ ಮಾರ್ಮಲೇಡ್ ಬಾಟಲಿಯ ಮೇಲಿಂದ. ನಮ್ಮಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಲ್ಲಿ ಕಥೆ ಕಳಿಸಿ ಬಹುಮಾನ ಗೆದ್ದರು. ಅವರು ಹೆಸರು ಮುಚ್ಚಿದ್ದು ತಮ್ಮ ಖ್ಯಾತಿ ಅಡ್ಡ ಬರಬಾರದು ಅಂತ. ಶೆಲ್ಡನ್ ಮುಚ್ಚಿದಾಗ ಅದರ ಹಿಂದೆ ಬೇರೆ ಲೆಕ್ಕ ಇತ್ತು.

ಕಥೆಗಳನ್ನು ಕಲೆಸಿ, ಯಾರದ್ದು ಅಂತ ಗೊತ್ತಾಗದ ಹಾಗೆ ಒಬ್ಬರೇ ಎಲ್ಲವನ್ನೂ ಓದಲಿ. ಪ್ರತಿಯೊಂದಕ್ಕೂ ಬರೆದದ್ದು ಗಂಡಸೋ ಹೆಂಗಸೋ ಅಂತ ಉಳಿದವರು ಚೀಟಿಯಲ್ಲಿ ಊಹಿಸಲಿ, ಹಾಗೆ ಯಾಕೆ ಅನಿಸಿತು ಅಂತ ಒಂದು ಸಾಲು ಕಾರಣವನ್ನೂ ಬರೆಯಲಿ. ಹೆಸರು ಹೇಳುವ ಮೊದಲು ಆ ಕಾರಣಗಳನ್ನು ಗಟ್ಟಿಯಾಗಿ ಓದಿ. ‘ಅಡುಗೆ ವಿವರ ಇದೆ, ಅದಕ್ಕೇ ಹೆಂಗಸು’ ಅನ್ನುವ ಚೀಟಿ ಒಂದಾದರೂ ಇರುತ್ತದೆ. ಅದನ್ನು ಬರೆದವರು ಯಾರು ಅಂತ ಮಾತ್ರ ಹುಡುಕಬೇಡಿ.